ಬರದ ವರ್ಷ, ಮಳೆಯ ವರ್ಷ: ಕರ್ನಾಟಕದ ಜಲಾಶಯ ಮತ್ತು ಕೆರೆಗಳ ನೀರಿನ ಮಟ್ಟ

ಜಲಾಶಯದ ನೀರಿನ ಮಟ್ಟವೆಂದರೆ ಅಣೆಕಟ್ಟೆಯ ಹಿಂದೆ ನಿಂತ ನೀರಿನ ಮೇಲ್ಮೈ ಒಂದು ನಿಗದಿತ ಆಧಾರದಿಂದ ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ. ಕರ್ನಾಟಕದಲ್ಲಿ ಈ ಲೆಕ್ಕ ಎಂಜಿನಿಯರುಗಳ ಕಡತದಲ್ಲಿ ಮಾತ್ರ ಉಳಿದಿಲ್ಲ. ಜೂನ್ ಬಂತೆಂದರೆ ದಿನಪತ್ರಿಕೆಗಳು ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ನಾಲ್ಕು ಅಂಕಿಗಳನ್ನು ದಿನವೂ ಅಚ್ಚು ಹಾಕುತ್ತವೆ. ಮಂಡ್ಯದ ಕಬ್ಬಿನ ರೈತ, ದಾವಣಗೆರೆಯ ಭತ್ತದ ರೈತ, ಬೆಂಗಳೂರಿನ ಗೃಹಿಣಿ ಎಲ್ಲರೂ ಅವನ್ನು ಓದುತ್ತಾರೆ. ಅದೇ ಜಲಾಶಯ ಒಂದು ವರ್ಷ ಜುಲೈಯಲ್ಲೇ ತುಂಬಿ ಗೇಟು ತೆರೆಸಿಕೊಳ್ಳುತ್ತದೆ, ಇನ್ನೊಂದು ವರ್ಷ ಮಳೆಗಾಲ ಮುಗಿದರೂ ತಳ ತೋರಿಸುತ್ತದೆ. ಈ ಏರಿಳಿತದಲ್ಲಿ ಮಳೆಯ ಪಾಲಿದೆ, ನದಿ ಪಾತ್ರದ ಪಾಲಿದೆ, ನೀರು ಬಿಡುವ ತೀರ್ಮಾನದ ಪಾಲೂ ಇದೆ. ಬರದ ಪೆಟ್ಟು ಎಷ್ಟು ಬೀಳುತ್ತದೆ ಎಂಬುದು ಬಹುಮಟ್ಟಿಗೆ ಹಿಂದಿನ ಒಳ್ಳೆಯ ವರ್ಷದ ನೀರನ್ನು ಹೇಗೆ ಖರ್ಚು ಮಾಡಿದೆವು ಎಂಬುದರ ಮೇಲೆ ನಿಂತಿದೆ.

ಮಟ್ಟ ಮತ್ತು ಸಂಗ್ರಹ

ಎಲ್ಲ ಜಲಾಶಯಗಳ ಮಟ್ಟವನ್ನು ಒಂದೇ ಬಗೆಯಲ್ಲಿ ಅಳೆಯುವುದಿಲ್ಲ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಭದ್ರಾದ್ದು 186 ಅಡಿ, ವಾಣಿವಿಲಾಸ ಸಾಗರದ್ದು 130 ಅಡಿ. ಇವು ಅಣೆಕಟ್ಟೆಯ ಬುಡದ ಕಡೆಯಿಂದ ಎಣಿಸಿದ ಅಂಕಿಗಳು. ಲಿಂಗನಮಕ್ಕಿಯ 1,819 ಅಡಿ, ತುಂಗಭದ್ರಾದ 1,633 ಅಡಿ, ಹೇಮಾವತಿಯ 2,922 ಅಡಿ, ಕಬಿನಿಯ 2,284 ಅಡಿ ಸಮುದ್ರಮಟ್ಟದಿಂದ ಎಣಿಸಿದವು. ಆಲಮಟ್ಟಿಯನ್ನು ಮೀಟರಿನಲ್ಲಿ ಹೇಳುತ್ತಾರೆ: 519.60 ಮೀಟರ್. ಹೀಗಾಗಿ ಒಂದು ಜಲಾಶಯದ ಅಡಿಯನ್ನು ಇನ್ನೊಂದರ ಅಡಿಗೆ ಹೋಲಿಸಿ ಪ್ರಯೋಜನವಿಲ್ಲ. ಅದೇ ಜಲಾಶಯದ ಕಳೆದ ವರ್ಷದ ಇದೇ ದಿನದ ಮಟ್ಟಕ್ಕೆ ಹೋಲಿಸಿದರೆ ಮಾತ್ರ ಅರ್ಥ ಹೊರಡುತ್ತದೆ.

ನೀರಿನ ಪ್ರಮಾಣವನ್ನು ಹೇಳುವ ಅಳತೆ ಟಿಎಂಸಿ ಅಡಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಹರಿವಿನ ಅಳತೆ ಕ್ಯುಸೆಕ್, ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನವಿಡೀ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ. ಒಳಹರಿವು 50,000 ಕ್ಯುಸೆಕ್ ಎಂದು ಓದಿದಾಗ ಆ ದಿನ ನಾಲ್ಕು ಟಿಎಂಸಿಗೂ ಹೆಚ್ಚು ನೀರು ಬಂದಿದೆ ಎಂದು ತಿಳಿಯಬೇಕು.

ಮಟ್ಟಕ್ಕೂ ಸಂಗ್ರಹಕ್ಕೂ ನೇರ ಅನುಪಾತ ಇಲ್ಲ. ಜಲಾಶಯ ತಳದಲ್ಲಿ ಕಿರಿದು, ಮೇಲಕ್ಕೆ ಹೋದಂತೆ ಅಗಲ. ಕೆಳಗಿನ ಒಂದು ಅಡಿಯಲ್ಲಿ ಹಿಡಿಯುವುದಕ್ಕಿಂತ ಹಲವು ಪಟ್ಟು ನೀರು ಮೇಲಿನ ಒಂದು ಅಡಿಯಲ್ಲಿ ಹಿಡಿಯುತ್ತದೆ. ಕೃಷ್ಣರಾಜಸಾಗರ 100 ಅಡಿಯಲ್ಲಿದ್ದಾಗ ಅಂಕಿ ನೋಡಿದವರಿಗೆ ಐದರಲ್ಲಿ ನಾಲ್ಕು ಪಾಲು ತುಂಬಿದೆ ಎನ್ನಿಸಬಹುದು. ವಾಸ್ತವದಲ್ಲಿ ಆಗ 49.45 ಟಿಎಂಸಿ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಕಡಿಮೆ ನೀರಿರುತ್ತದೆ. ಮೇಲಿನ ಇಪ್ಪತ್ತೈದು ಅಡಿಯೇ ಅರ್ಧಕ್ಕಿಂತ ಹೆಚ್ಚು ನೀರನ್ನು ಹೊತ್ತಿರುತ್ತದೆ. ಬರದ ವರ್ಷ ಮಟ್ಟ ಇಳಿಯುತ್ತ ಬಂದಂತೆ ಇಳಿತದ ವೇಗ ಹೆಚ್ಚುವುದಕ್ಕೂ ಇದೇ ಕಾರಣ: ಬಿಡುವ ನೀರು ಅಷ್ಟೇ ಇದ್ದರೂ ಕಳೆದುಹೋಗುವ ಅಡಿಗಳು ಹೆಚ್ಚುತ್ತವೆ. ಇದರ ಜೊತೆಗೆ, ತೂಬಿನ ಬಾಯಿಗಿಂತ ಕೆಳಗೆ ಉಳಿಯುವ ನೀರು ನಾಲೆಗೆ ಹರಿಯುವುದಿಲ್ಲ. ಅದು ಡೆಡ್ ಸ್ಟೋರೇಜ್. ಕಷ್ಟಕಾಲದಲ್ಲಿ ಕುಡಿಯಲು ಪಂಪು ಹಚ್ಚಿ ಎತ್ತಬಹುದೇ ಹೊರತು ಬೇಸಾಯಕ್ಕೆ ಒದಗದು.

ವರ್ಷದ ಚಕ್ರ

ರಾಜ್ಯದ ವಾರ್ಷಿಕ ಸರಾಸರಿ ಮಳೆ ಸುಮಾರು 1,150 ಮಿ.ಮೀ. ಆದರೆ ಈ ಸರಾಸರಿಯ ಒಳಗೆ ದೊಡ್ಡ ಅಂತರ ಅಡಗಿದೆ. ಘಟ್ಟದ ನೆತ್ತಿಯಲ್ಲಿ ಇದರ ಹಲವು ಪಟ್ಟು ಸುರಿದರೆ ಚಿತ್ರದುರ್ಗ, ಬಳ್ಳಾರಿ ಸೀಮೆಯಲ್ಲಿ ಸುಮಾರು ಅರ್ಧ ಮಾತ್ರ. ದೊಡ್ಡ ಜಲಾಶಯಗಳಿಗೆ ನೀರು ಕೊಡುವುದು ಅವು ಇರುವ ಊರಿನ ಮಳೆಯಲ್ಲ, ಬಹುಮಟ್ಟಿಗೆ ದೂರದ ಮಲೆನಾಡಿನ ಮಳೆ. ಮಂಡ್ಯದಲ್ಲಿ ಒಣ ಬಿಸಿಲಿದ್ದಾಗಲೇ ಕೊಡಗಿನ ಭಾಗಮಂಡಲದಲ್ಲಿ ಹಿಡಿದ ಮಳೆ ಕೃಷ್ಣರಾಜಸಾಗರವನ್ನು ಏರಿಸುತ್ತದೆ. ಕೇರಳದ ವಯನಾಡಿನಲ್ಲಿ ಸುರಿದದ್ದು ಕಬಿನಿಗೆ ಬರುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಬಿದ್ದದ್ದು ಆಲಮಟ್ಟಿಗೆ ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು ತುಂಬುವ ಕಾಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಹಳೆ ಮೈಸೂರಿನ ಪೂರ್ವ ಭಾಗದ ಕೆರೆಗಳಿಗೆ ಮುಖ್ಯ. ಜನವರಿಯಿಂದ ಮೇ ತನಕ ಇಳಿಯುವ ಕಾಲ: ಬೇಸಿಗೆ ಬೆಳೆ, ಕುಡಿಯುವ ನೀರು, ವಿದ್ಯುತ್ತು, ಬಿಸಿಲಿಗೆ ಆವಿಯಾಗುವುದು ಎಲ್ಲವೂ ಸೇರಿ ಜಲಾಶಯವನ್ನು ಬರಿದು ಮಾಡುತ್ತವೆ. ಸಾಮಾನ್ಯ ವರ್ಷದಲ್ಲೂ ಈ ಚಕ್ರ ನಡೆಯುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಮಟ್ಟ ಕೆಳಗಿರುವುದೇ ಬರವಲ್ಲ. ಆಗಸ್ಟ್ ಕೊನೆಯಲ್ಲಿ ಮಟ್ಟ ಕೆಳಗಿದ್ದರೆ ಅದು ಬರದ ಸೂಚನೆ.

ಸಾಮರ್ಥ್ಯ ಮತ್ತು ಒಳಹರಿವಿನ ಹೊಂದಾಣಿಕೆ

ಒಂದು ಜಲಾಶಯ ಬರಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದು ಅದರ ಗಾತ್ರ ಒಂದರಿಂದಲೇ ತಿಳಿಯುವುದಿಲ್ಲ. ವರ್ಷಕ್ಕೆ ಬರುವ ನೀರಿಗೂ ಹಿಡಿಯುವ ಸಾಮರ್ಥ್ಯಕ್ಕೂ ಇರುವ ಸಂಬಂಧ ನೋಡಬೇಕು. ಈ ದೃಷ್ಟಿಯಿಂದ ಕರ್ನಾಟಕದ ಜಲಾಶಯಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಬರುವ ನೀರಿಗಿಂತ ಹಿಡಿಯುವ ಜಾಗ ಕಡಿಮೆ ಇರುವವು. 19.52 ಟಿಎಂಸಿಯ ಕಬಿನಿ, 8.5 ಟಿಎಂಸಿಯ ಹಾರಂಗಿ ಇದಕ್ಕೆ ಉದಾಹರಣೆ. ಒಳ್ಳೆಯ ಮಳೆ ಹಿಡಿದರೆ ಇವು ಕೆಲವೇ ದಿನಗಳಲ್ಲಿ ತುಂಬಿ ಹೆಚ್ಚುವರಿಯನ್ನು ಹೊಳೆಗೆ ಬಿಡುತ್ತವೆ. ಇಂಥವು ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಮಾತ್ರ ಕೈಹಿಡಿಯಬಲ್ಲವು. ಕೃಷ್ಣರಾಜಸಾಗರ, ಭದ್ರಾ, ತುಂಗಭದ್ರಾ ಬಳಕೆಯ ರೀತಿಯಿಂದ ಇದೇ ಗುಂಪಿಗೆ ಸೇರುತ್ತವೆ: ವರ್ಷದ ನೀರನ್ನು ವರ್ಷದೊಳಗೇ ಮುಗಿಸುತ್ತೇವೆ. ಎರಡನೆಯದು, ಬರುವ ನೀರಿಗೆ ಹೋಲಿಸಿದರೆ ವಿಶಾಲವಾದ ಜಾಗ ಇರುವವು. ಇವು ಹಲವು ವರ್ಷಗಳ ನೀರನ್ನು ಕೂಡಿಡಬಲ್ಲವು, ಆದರೆ ತುಂಬುವುದು ಅಪರೂಪ. ವಾಣಿವಿಲಾಸ ಸಾಗರ ಇದರ ಅತ್ಯಂತ ಸ್ಪಷ್ಟ ಮಾದರಿ. ಕಾಳಿ ನದಿಯ ಸೂಪಾ ಜಲಾಶಯವೂ (ಗರಿಷ್ಠ ಮಟ್ಟ 564 ಮೀಟರ್, ಸುಮಾರು 145 ಟಿಎಂಸಿ) ಅಂಚು ಮುಟ್ಟಿದ ವರ್ಷಗಳು ಕೆಲವೇ.

ವಾಣಿವಿಲಾಸ ಸಾಗರ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಎರಡು ಬೆಟ್ಟಗಳ ನಡುವಿನ ಕಿರಿದಾದ ಸಂದಿಗೆ ಅಡ್ಡಲಾಗಿ, ವೇದಾವತಿ ನದಿಗೆ ಮೈಸೂರು ಸಂಸ್ಥಾನ 1898ರಿಂದ 1907ರ ನಡುವೆ ಈ ಅಣೆಕಟ್ಟೆ ಕಟ್ಟಿತು. ಸಾಮರ್ಥ್ಯ 30.42 ಟಿಎಂಸಿ. ವೇದಾವತಿ ಮಳೆ ಕಡಿಮೆಯ ಬಯಲುಸೀಮೆಯನ್ನು ಹಾದು ಬರುವ ನದಿ. ಅಷ್ಟು ದೊಡ್ಡ ಜಾಗಕ್ಕೆ ಅಷ್ಟು ಸಣ್ಣ ನದಿ ಏಕೆ ಎಂದು ಕೇಳಬಹುದು. ಹತ್ತಾರು ವರ್ಷಕ್ಕೊಮ್ಮೆ ಬರುವ ದೊಡ್ಡ ನೀರನ್ನು ಹಿಡಿದು ನಡುವಿನ ಬರಗಳನ್ನು ದಾಟುವುದಕ್ಕೆ ಆ ಜಾಗ ಬೇಕು.

ಈ ಜಲಾಶಯ 1933ರಲ್ಲಿ ಮೊದಲ ಬಾರಿ ಕೋಡಿ ಹರಿಯಿತು. ಎರಡನೆಯ ಬಾರಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ನಂತರ. ಒಂದಿಡೀ ತಲೆಮಾರು ಕೋಡಿ ನೋಡದೆಯೇ ಬದುಕಿ ಮುಗಿಸಿತು. ಈ ನಡುವೆ 2017ರ ಹೊತ್ತಿಗೆ ನೀರು ಡೆಡ್ ಸ್ಟೋರೇಜಿನ ಅಂಚಿಗೆ ಇಳಿದಿತ್ತು. ಅಚ್ಚುಕಟ್ಟಿನ ತೆಂಗು, ಅಡಿಕೆ ತೋಟಗಳು ಒಣಗಿದವು. ನಂತರ 2021 ಮತ್ತು 2022ರ ಅಸಾಧಾರಣ ಮಳೆ ಬಂತು. ಅದರ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಡಿ ಭದ್ರಾ ಜಲಾಶಯದಿಂದ ಎತ್ತಿ ವೇದಾವತಿಗೆ ಹರಿಸಿದ ನೀರೂ ಸೇರಿತು. 2025ರ ಜನವರಿಯಲ್ಲಿ ಮೂರನೆಯ ಬಾರಿ ಕೋಡಿ ಬಿತ್ತು. ಎರಡನೆಯ ಕೋಡಿಗೂ ಮೂರನೆಯದಕ್ಕೂ ನಡುವೆ ಎರಡೂವರೆ ವರ್ಷವೂ ಇಲ್ಲ. ಅದರ ನಡುವೆಯೇ 2023ರ ತೀವ್ರ ಬರ ಬಂದು ಹೋಗಿತ್ತು. ರಾಜ್ಯದ ಬಹುಪಾಲು ಜಲಾಶಯಗಳು ತುಂಬದ ಆ ವರ್ಷದಲ್ಲೂ ಇಲ್ಲಿ 2022ರ ನೀರು ಉಳಿದಿತ್ತು. ಕೂಡಿಟ್ಟ ನೀರು ಬರದಲ್ಲಿ ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ರಾಜ್ಯದಲ್ಲಿಲ್ಲ.

ಕೃಷ್ಣರಾಜಸಾಗರ

ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ನದಿಗಳು ಕೂಡುವಲ್ಲಿ, ಕನ್ನಂಬಾಡಿಯ ಬಳಿ 1911ರಲ್ಲಿ ಕೆಲಸ ಆರಂಭವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಈ ಅಣೆಕಟ್ಟೆಗೆ ಸರ್ ಎಂ. ವಿಶ್ವೇಶ್ವರಯ್ಯ ಮುಖ್ಯ ಎಂಜಿನಿಯರ್ ಆಗಿ ಬುನಾದಿ ಹಾಕಿದರು. ಹಾರಂಗಿ, ಹೇಮಾವತಿ (37.10 ಟಿಎಂಸಿ), ಕಬಿನಿ, ಕೃಷ್ಣರಾಜಸಾಗರ ಸೇರಿ ಕಾವೇರಿ ಕೊಳ್ಳದ ನಾಲ್ಕು ಜಲಾಶಯಗಳ ಒಟ್ಟು ಸಾಮರ್ಥ್ಯ ಸುಮಾರು 114.57 ಟಿಎಂಸಿ.

ಇತ್ತೀಚಿನ ವರ್ಷಗಳಲ್ಲಿ ಕೃಷ್ಣರಾಜಸಾಗರ 124.80 ಅಡಿ ಮುಟ್ಟಿದ ತಿಂಗಳುಗಳನ್ನು ಸಾಲಾಗಿ ಇಟ್ಟು ನೋಡಿದರೆ ಮುಂಗಾರಿನ ಚಂಚಲತೆ ಕಣ್ಣಿಗೆ ಕಟ್ಟುತ್ತದೆ. 2015, 2016, 2017ರಲ್ಲಿ ತುಂಬಲೇ ಇಲ್ಲ. 2018ರಲ್ಲಿ ಜುಲೈಯಲ್ಲೇ ತುಂಬಿತು. 2019ರಲ್ಲಿ ಆಗಸ್ಟ್ ಮೊದಲ ವಾರದವರೆಗೆ ಅರ್ಧವೂ ಇಲ್ಲದೆ ಆತಂಕ ಹುಟ್ಟಿಸಿ, ಅದೇ ತಿಂಗಳಲ್ಲಿ ಅಂಚಿಗೆ ಬಂತು. 2020ರಲ್ಲಿ ಆಗಸ್ಟ್. 2021ರಲ್ಲಿ ಮುಂಗಾರು ಮುಗಿದು ಅಕ್ಟೋಬರ್ ಕೊನೆಯ ಹೊತ್ತಿಗೆ ತುಂಬಿತು. 2022ರಲ್ಲಿ ಮತ್ತೆ ಜುಲೈ. 2023ರಲ್ಲಿ ತುಂಬಲಿಲ್ಲ. 2024ರಲ್ಲಿ ಜುಲೈ. 2025ರಲ್ಲಿ ಜೂನ್ ಕೊನೆಗೇ ತುಂಬಿತು. ಜಲಾಶಯದ ಚರಿತ್ರೆಯಲ್ಲಿ ಜೂನ್ ತಿಂಗಳಲ್ಲಿ ಭರ್ತಿಯಾಗುವುದು ತೀರ ಅಪರೂಪ. ಆಗಸ್ಟ್ ಮೊದಲ ವಾರದಲ್ಲಿ ನಿಂತು ವರ್ಷ ಹೇಗಿದೆ ಎಂದು ತೀರ್ಪು ಕೊಟ್ಟವರು 2019ರಲ್ಲೂ ತಪ್ಪುತ್ತಿದ್ದರು, 2021ರಲ್ಲೂ ತಪ್ಪುತ್ತಿದ್ದರು. ನಾಲೆಗೆ ನೀರು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಗಳ ಎದುರು ಪ್ರತಿ ವರ್ಷ ಇರುವ ಕಷ್ಟ ಇದೇ.

ತುಂಬಿದಾಗ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುತ್ತಾರೆ. ಇಳಿದಾಗ ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ನೀರು ಪದ್ಧತಿ ಬರುತ್ತದೆ: ಇಂತಿಷ್ಟು ದಿನ ಬಿಟ್ಟು, ಇಂತಿಷ್ಟು ದಿನ ನಿಲ್ಲಿಸುವುದು. ಆಗ ಕಬ್ಬು ಬದುಕಿಕೊಳ್ಳುತ್ತದೆ, ಭತ್ತದ ನಾಟಿ ನಿಲ್ಲುತ್ತದೆ. ನಾಲೆಯ ಕೊನೆಯ ಭಾಗದ ರೈತರಿಗೆ ನೀರು ತಲುಪುವ ಮೊದಲೇ ನಿಲ್ಲಿಸುವ ದಿನ ಬಂದುಬಿಡುತ್ತದೆ.

ತುಂಗಭದ್ರಾ

ಹೊಸಪೇಟೆ ಬಳಿ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಕಥೆಯಲ್ಲಿ ಮಳೆಯ ಜೊತೆಗೆ ಇನ್ನೆರಡು ಅಂಶಗಳಿವೆ: ಹೂಳು ಮತ್ತು ಗೇಟು. ಕಟ್ಟಿದಾಗ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105.8 ಟಿಎಂಸಿಗೆ ಇಳಿದಿದೆ. ಕಳೆದುಹೋದ 27 ಟಿಎಂಸಿ ಜಾಗ ಕಬಿನಿ ಜಲಾಶಯದ ಇಡೀ ಸಾಮರ್ಥ್ಯಕ್ಕಿಂತ ಹೆಚ್ಚು. ಮಟ್ಟ ಇಂದಿಗೂ 1,633 ಅಡಿಯೇ. ಅಂಕಿ ಅದೇ ಇದ್ದರೂ ಅದರ ಕೆಳಗಿನ ನೀರು 1953ರಷ್ಟು ಇಲ್ಲ. ನೀರಿನ ಹರವು ಸುಮಾರು 378 ಚದರ ಕಿಲೋಮೀಟರ್, ಆಳ ಕಡಿಮೆ, ಬಳ್ಳಾರಿ ಸೀಮೆಯ ಬಿಸಿಲು ಹೆಚ್ಚು. ಕೃಷ್ಣಾ ನದಿ ನೀರು ಹಂಚಿದ ನ್ಯಾಯಮಂಡಳಿ ಈ ಜಲಾಶಯದ ಲೆಕ್ಕದಲ್ಲಿ ಆವಿಯಾಗಿ ಹೋಗುವುದಕ್ಕೆಂದೇ ವರ್ಷಕ್ಕೆ 18 ಟಿಎಂಸಿ ತೆಗೆದಿಟ್ಟಿದೆ.

2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿದ ವರ್ಷ ಅದು. ಒಂದು ಕಡೆಯ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಒಂದು ವಾರದಲ್ಲಿ ಹತ್ತಾರು ಟಿಎಂಸಿ ನೀರು ಹೊಳೆ ಪಾಲಾಯಿತು. ಹರಿಯುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಸಂದು ಮುಚ್ಚಿದರು. ಮಳೆ ಕೈಬಿಡದ್ದರಿಂದ ಜಲಾಶಯ ಮತ್ತೆ ಏರಿತು. ಮರುವರ್ಷ, 2025ರಲ್ಲಿ, ಧಾರಾಳ ಮಳೆ ಬಂದರೂ ಗೇಟುಗಳ ಸ್ಥಿತಿ ನೋಡಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು. ಮಳೆಯ ವರ್ಷದಲ್ಲೂ ಮಟ್ಟ ಕೆಳಗೆ ನಿಲ್ಲಲು ನಿರ್ವಹಣೆಯ ಕೊರತೆ ಕಾರಣವಾಗಬಹುದು ಎಂಬುದು ರಾಯಚೂರು, ಕೊಪ್ಪಳ, ಬಳ್ಳಾರಿಯ ರೈತರಿಗೆ ಎರಡನೆಯ ಬೆಳೆಯ ರೂಪದಲ್ಲಿ ತಟ್ಟಿತು.

ಲಿಂಗನಮಕ್ಕಿ

ಶರಾವತಿಗೆ 1964ರಲ್ಲಿ ಕಟ್ಟಿದ ಲಿಂಗನಮಕ್ಕಿ 151.75 ಟಿಎಂಸಿ ಸಾಮರ್ಥ್ಯದ್ದು, ರಾಜ್ಯದ ಅತಿ ದೊಡ್ಡ ಜಲಾಶಯ. ಇದರ ನೀರು ಮುಖ್ಯವಾಗಿ ವಿದ್ಯುತ್ತಿಗೆ. ಜಲಾಶಯ ಇಳಿದರೆ ಹೊಲದಲ್ಲಿ ಕಾಣುವ ಬರ ಇಲ್ಲಿ ಲೋಡ್ ಶೆಡ್ಡಿಂಗ್ ಆಗಿ ರಾಜ್ಯಕ್ಕೆಲ್ಲ ಹಂಚಿಕೆಯಾಗುತ್ತದೆ. ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಮೇಲೆ ಬರುತ್ತದೆ. ಜೋಗದ ವಿದ್ಯುದಾಗಾರಕ್ಕಾಗಿ 1940ರ ದಶಕದಲ್ಲಿ ಕಟ್ಟಿದ್ದ ಆ ಅಣೆಕಟ್ಟೆಯನ್ನು ಲಿಂಗನಮಕ್ಕಿಯೇ ಮುಳುಗಿಸಿತು. ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ, ತುಂಬಿದೊಡನೆ ತಾನಾಗಿಯೇ ನೀರೆಳೆದು ಹೊರಹಾಕುವ ಸೈಫನ್ನುಗಳು ಅದರಲ್ಲಿವೆ. ಹಿನ್ನೀರಿನಾಚೆಯ ತುಮರಿ ಭಾಗದ ಜನಕ್ಕೆ ಮಟ್ಟ ಇಳಿಯುವುದು ಬೇರೆಯದೇ ತೊಂದರೆ ತರುತ್ತಿತ್ತು. ಹೊಳೆಬಾಗಿಲಿನಲ್ಲಿ ಲಾಂಚ್ ದಡಕ್ಕೆ ಹತ್ತದೆ, ವಾಹನ ಸಾಗಣೆ ನಿಲ್ಲಿಸಬೇಕಾಗುತ್ತಿತ್ತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಅವಲಂಬನೆ ತಪ್ಪಿತು.

ಕೆರೆಗಳ ಲೆಕ್ಕ

ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಜಲಾಶಯಕ್ಕೆ ದೂರದ ಘಟ್ಟದ ಮಳೆ ಆಧಾರ, ಕೆರೆಗೆ ಹತ್ತಿರದ ಮಳೆಯೇ ಆಧಾರ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದಲ್ಲಿ ಕೆರೆಗಳು ಸರಪಳಿಯಾಗಿವೆ. ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆ ತುಂಬಬೇಕು. ಮಳೆ ಕಡಿಮೆಯಾದ ವರ್ಷ ಮೊದಲ ಎರಡು ಮೂರು ಕೆರೆಗಳಲ್ಲೇ ನೀರು ನಿಂತುಬಿಡುತ್ತದೆ.

ಕೆರೆಯ ಕಟ್ಟುಪಾಡಿನಲ್ಲಿ ಬರಕ್ಕೊಂದು ವ್ಯವಸ್ಥೆ ಇತ್ತು. ಏರಿಯ ಒಳಮಗ್ಗುಲಲ್ಲಿ ಎರಡು ಕಲ್ಲುಕಂಬಗಳ ನಡುವೆ ನಿಂತ ತೂಬಿನ ಬಳಿ ನೀರು ಎಲ್ಲಿವರೆಗಿದೆ ಎಂದು ನೋಡಿ ನೀರುಗಂಟಿ ಊರವರಿಗೆ ಹೇಳುತ್ತಿದ್ದ. ಪೂರ್ತಿ ತುಂಬಿದ್ದರೆ ಇಡೀ ಅಚ್ಚುಕಟ್ಟಿಗೆ ಭತ್ತ. ಅರ್ಧ ಇದ್ದರೆ ತೂಬಿನ ಹತ್ತಿರದ ಗದ್ದೆಗಳಿಗೆ ಮಾತ್ರ, ಅಥವಾ ಎಲ್ಲರಿಗೂ ರಾಗಿಯಂಥ ಕಡಿಮೆ ನೀರಿನ ಬೆಳೆ. ತೀರ ಕಡಿಮೆ ಇದ್ದರೆ ತೂಬು ಎತ್ತದೆ ದನಕರುಗಳಿಗೆ ಬಿಡುವುದು. ಸರದಿಯಂತೆ ಪ್ರತಿ ಗದ್ದೆಗೂ ನೀರು ಕಟ್ಟುವುದು ಅವನ ಕೆಲಸ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೊಂದು ಪಾಲು. ಒಣಗಿದ ಬೇಸಿಗೆಯಲ್ಲಿ ಕೆರೆಯಂಗಳದ ಗೋಡುಮಣ್ಣು ಹೊಲಕ್ಕೆ ಹೋಗುತ್ತಿತ್ತು. ಕೆರೆಗೆ ಆಳ ಬರುತ್ತಿತ್ತು, ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಬರದ ವರ್ಷವೇ ಕೆರೆಯನ್ನು ಮುಂದಿನ ಮಳೆಗೆ ಸಿದ್ಧಗೊಳಿಸುವ ಕಾಲವಾಗಿತ್ತು. ಕೊಳವೆಬಾವಿ ಬಂದ ಮೇಲೆ ಈ ವ್ಯವಸ್ಥೆ ಸಡಿಲಾಯಿತು.

ಇಂದು ಕೆರೆಯ ಮಟ್ಟ ಮಳೆಯನ್ನು ಮಾತ್ರ ಹೇಳುವುದಿಲ್ಲ. ಅರ್ಕಾವತಿ ಕೊಳ್ಳ ಇದಕ್ಕೆ ಸಾಕ್ಷಿ. 1894ರಲ್ಲಿ ನಿರ್ಮಾಣವಾಗಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಕೊಟ್ಟ ಹೆಸರಘಟ್ಟ ಕೆರೆ, 1933ರ ತಿಪ್ಪಗೊಂಡನಹಳ್ಳಿ ಜಲಾಶಯ ಎರಡೂ ದಶಕಗಟ್ಟಲೆ ಸೊರಗಿದವು. ಅಲ್ಲಿ ಮಳೆ ಅದಕ್ಕೆ ತಕ್ಕಂತೆ ಇಳಿದಿರಲಿಲ್ಲ. ಕೊಳವೆಬಾವಿಗಳಿಂದ ಅಂತರ್ಜಲ ಕುಸಿದು ಹೊಳೆಗೆ ಊಟೆ ನಿಂತಿತು, ನೀಲಗಿರಿ ತೋಪುಗಳು ಹಬ್ಬಿದವು, ಹಳ್ಳಗಳಿಗೆ ತಡೆ ಬಿತ್ತು, ರಾಜಕಾಲುವೆಗಳು ಒತ್ತುವರಿಯಾದವು. ಇದಕ್ಕೆ ತದ್ವಿರುದ್ಧವಾಗಿ ಬೆಂಗಳೂರಿನ ಬೆಳ್ಳಂದೂರಿನಂಥ ಕೆರೆಗಳಲ್ಲಿ ಬರದ ವರ್ಷವೂ ನೀರಿಗೆ ಕೊರತೆ ಇರಲಿಲ್ಲ. ನಗರದ ಕೊಳಚೆ ನೀರು ವರ್ಷವಿಡೀ ಹರಿದು ಬರುತ್ತಿದ್ದುದೇ ಕಾರಣ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಕೆರೆಯಲ್ಲಿ ನೀರು ಕಾಣುತ್ತಿದೆ ಎಂಬುದು ಸಮಾಧಾನದ ಸಂಗತಿ. ಆ ನೀರಿನ ಗುಣಮಟ್ಟದ ಪ್ರಶ್ನೆಯನ್ನೂ ಅಷ್ಟೇ ಗಂಭೀರವಾಗಿ ಕೇಳುತ್ತಿರಬೇಕು.

ಬರ ಮತ್ತು ನೆರೆಯ ವರ್ಷಗಳು

1965–66, 1972, 1987ರ ಬರಗಳನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2001ರಿಂದ 2003ರವರೆಗೆ ಸತತ ಮೂರು ವರ್ಷ ಮಳೆ ಕೈಕೊಟ್ಟಿತು. ಒಂದು ವರ್ಷದ ಬರವನ್ನು ಜಲಾಶಯ ತಾಳಿಕೊಳ್ಳುತ್ತದೆ, ಎರಡನೆಯದಕ್ಕೆ ಬಗ್ಗುತ್ತದೆ, ಮೂರನೆಯದಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ ಎಂಬುದನ್ನು ಆ ವರ್ಷಗಳು ಕಲಿಸಿದವು. 2015, 2016, 2017 ಕಾವೇರಿ ಕೊಳ್ಳಕ್ಕೆ ಅದೇ ಪಾಠವನ್ನು ಮತ್ತೆ ಹೇಳಿದವು. 2023ರಲ್ಲಿ ಆಗಸ್ಟ್ ತಿಂಗಳು ಶತಮಾನದಲ್ಲೇ ಅತಿ ಒಣ ಆಗಸ್ಟುಗಳಲ್ಲಿ ಒಂದಾಯಿತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರುಗಳಿಗೆ ಕಾದು ನಿಂತಿತು.

ಪೆಸಿಫಿಕ್ ಸಾಗರದ ಎಲ್ ನಿನೊ ಇದರ ಹಿಂದಿನ ಒಂದು ಕಾರಣ. 1972, 1987, 2002, 2015, 2023 ಎಲ್ಲವೂ ಎಲ್ ನಿನೊ ವರ್ಷಗಳು. ಆದರೆ ಎಲ್ ನಿನೊ ಬಂದಾಗಲೆಲ್ಲ ವರ್ಷವಿಡೀ ಬರವೇ ಇರುತ್ತದೆ ಎನ್ನಲಾಗದು. 2009 ಎಲ್ ನಿನೊ ವರ್ಷವೇ. ದೇಶದಲ್ಲಿ ಮುಂಗಾರು ತೀರ ದುರ್ಬಲವಾಗಿತ್ತು. ಆದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕ ಭೀಕರ ನೆರೆಗೆ ಸಿಕ್ಕಿತು. ಒಂದೇ ವರ್ಷದಲ್ಲಿ ಬರದ ಆತಂಕವೂ ನೆರೆಯೂ ಬರಬಲ್ಲವು.

ಬರದ ಬೆನ್ನಿಗೇ ನೆರೆ ಬರುವುದಕ್ಕೆ 2019ರ ಆಗಸ್ಟಿನ ಮಲಪ್ರಭಾ ನೆರೆ ಇನ್ನೊಂದು ನಿದರ್ಶನ. ಆ ನದಿಯ ನವಿಲುತೀರ್ಥದ ಜಲಾಶಯ (37.73 ಟಿಎಂಸಿ) ಹಲವು ವರ್ಷ ನೀರಿಲ್ಲದೆ ಬಳಲಿತ್ತು. ನದಿ ಪಾತ್ರದಲ್ಲಿ ಜನ ಉಳುಮೆ ಮಾಡುತ್ತಿದ್ದರು, ದಂಡೆ ಒತ್ತಿ ಮನೆ ಕಟ್ಟಿದ್ದರು. ಜಲಾಶಯ ತುಂಬಿ ಭಾರಿ ನೀರು ಬಿಟ್ಟಾಗ ರಾಮದುರ್ಗ, ನರಗುಂದ, ಬಾದಾಮಿ ಭಾಗದ ಹಳ್ಳಿಗಳು ಮುಳುಗಿದವು. ಪಟ್ಟದಕಲ್ಲಿನ ದೇಗುಲಗಳ ಅಂಗಳಕ್ಕೂ ನೀರು ನುಗ್ಗಿತು. ಹೊಳೆ ಹರಿಯದ ವರ್ಷಗಳು ಹೊಳೆಯ ಜಾಗವನ್ನು ಮರೆಸಿದ್ದವು.

ಹಂಚಿಕೆ ಮತ್ತು ವ್ಯಾಜ್ಯ

ನದಿ ನೀರಿನ ಒಪ್ಪಂದಗಳು ಸಾಮಾನ್ಯ ವರ್ಷಕ್ಕೆ ಬರೆದವು, ಕಲಹ ಹುಟ್ಟುವುದು ಬರದ ವರ್ಷದಲ್ಲಿ. 1990ರಲ್ಲಿ ರಚನೆಯಾದ ಕಾವೇರಿ ನ್ಯಾಯಮಂಡಳಿ 2007ರ ಫೆಬ್ರುವರಿಯಲ್ಲಿ ಅಂತಿಮ ತೀರ್ಪು ಕೊಟ್ಟಾಗ ಕೊಳ್ಳದ ಒಟ್ಟು ನೀರನ್ನು 740 ಟಿಎಂಸಿ ಎಂದು ಹಿಡಿದಿತ್ತು. ಎರಡು ವರ್ಷಕ್ಕೊಂದು ವರ್ಷವಾದರೂ ಸಿಗಬಹುದಾದ ನೀರು ಎಂಬುದು ಅದರ ಅರ್ಥ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಹರಿಸಬೇಕಾದ ನೀರನ್ನು 177.25 ಟಿಎಂಸಿಗೆ ನಿಗದಿ ಮಾಡಿತು. ಅದೇ ವರ್ಷ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಬಂತು. ಕೆಳಗೆ ತಮಿಳುನಾಡಿನ ಮೆಟ್ಟೂರಿನಲ್ಲಿಯೂ (120 ಅಡಿ, 93.47 ಟಿಎಂಸಿ) ಜನ ಇಲ್ಲಿನವರಂತೆಯೇ ದಿನವೂ ಮಟ್ಟ ಓದುತ್ತಾರೆ.

ಒಳ್ಳೆಯ ವರ್ಷದಲ್ಲಿ ತೀರ್ಪಿನ ನೀರು ಹೆಚ್ಚುವರಿಯಾಗಿಯೇ ಹರಿದುಹೋಗುತ್ತದೆ. 2018, 2024, 2025ರಲ್ಲಿ ಮಳೆ ಹಿಡಿದ ಮೇಲೆ ನೀರು ಬಿಡುವ ಜಗಳ ಬಿಸಿಯೇರಲಿಲ್ಲ. 2002, 2012, 2016, 2023ರಲ್ಲಿ ಬೀದಿಗಳು ಹೊತ್ತಿಕೊಂಡವು, ಬಂದ್‌ಗಳಾದವು. ಕೊರತೆಯ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬ ಸೂತ್ರ ಇಬ್ಬರಿಗೂ ಒಪ್ಪಿಗೆಯಾಗುವಂತೆ ಜೂನ್‌ಗೆ ಮೊದಲೇ ಕೈಯಲ್ಲಿರಬೇಕು. ಅದು ಇಲ್ಲದ ತನಕ ಪ್ರತಿ ಬರವೂ ನ್ಯಾಯಾಲಯದ ಮೆಟ್ಟಿಲೇರುತ್ತದೆ.

ನಗರದ ಬೇಡಿಕೆ ಈ ಲೆಕ್ಕವನ್ನು ಬಿಗಿಗೊಳಿಸಿದೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಕಾವೇರಿ ಐದನೇ ಹಂತ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚು ನೀರು ತರುವ ಯೋಜನೆ. ವರ್ಷಕ್ಕೆ ಅದೊಂದೇ ಸುಮಾರು 10 ಟಿಎಂಸಿ. ಬೆಳೆಯನ್ನು ಬರದ ವರ್ಷ ಬಿಡಬಹುದು. ಕುಡಿಯುವ ನೀರನ್ನು ಬಿಡಲಾಗದು. ನಗರದ ಪಾಲು ಬೆಳೆದಷ್ಟೂ ಬರದ ಇಡೀ ಭಾರ ನಾಲೆಯ ರೈತನ ಹೆಗಲಿಗೆ ಜಾರುತ್ತದೆ.

ನೀರು ಇಳಿದಾಗ

ಇಳಿದ ಮಟ್ಟದಲ್ಲಿ ನಷ್ಟ ಮಾತ್ರ ಇದೆ ಎನ್ನಲಾಗದು. ಕಬಿನಿಯ ಹಿನ್ನೀರು ಬೇಸಿಗೆಯಲ್ಲಿ ಸರಿದಾಗ ದಡದ ಕೆಸರಿನ ಮೇಲೆ ಹಸಿ ಹುಲ್ಲು ಚಿಗುರುತ್ತದೆ. ಕಾಡು ಒಣಗಿರುವ ಆ ತಿಂಗಳುಗಳಲ್ಲಿ ನಾಗರಹೊಳೆ, ಬಂಡೀಪುರ ಕಡೆಯ ಆನೆಗಳು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ತಂಗಲು ನೀರೂ ಬೇಕು, ಮೇಯಲು ಸುತ್ತಲಿನ ಹೊಲವೂ ಬೇಕು. ಈ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು. ಮಲೆನಾಡಿನಲ್ಲಿ ಕೆರೆ ಬತ್ತುವ ಹೊತ್ತಿಗೆ ಊರಿಗೆ ಊರೇ ಕೂಣಿ ಹಿಡಿದು ಕೆಸರಿಗಿಳಿಯುವ ಕೆರೆಬೇಟೆ ನಡೆಯುತ್ತದೆ.

ಮುಳುಗಿದ ಊರುಗಳೂ ಇಳಿದ ನೀರಿನಲ್ಲಿ ಕಾಣಿಸಿಕೊಳ್ಳುತ್ತವೆ. ಹೇಮಾವತಿಯ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹತ್ತೊಂಬತ್ತನೆಯ ಶತಮಾನದ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ನೆಲಕ್ಕೆ ಬರುತ್ತದೆ. ಹಳೆ ಕನ್ನಂಬಾಡಿಯ ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ಗುಡಿ ಬರದ ವರ್ಷಗಳಲ್ಲಿ ಮೇಲೆ ಬರುತ್ತಿತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಎತ್ತರದ ದಡದಲ್ಲಿ ಮತ್ತೆ ಕಟ್ಟಿದ್ದಾರೆ.

ನಿರ್ವಹಣೆಯ ದಾರಿ

ಮಳೆಯ ಏರುಪೇರನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ಮಟ್ಟದ ಏರುಪೇರು ಬದುಕನ್ನು ಎಷ್ಟು ಅಲುಗಿಸಬೇಕು ಎಂಬುದು ನಮ್ಮ ಕೈಯಲ್ಲಿದೆ. ಜಲಾಶಯ ನಡೆಸುವವರ ಎದುರು ಎರಡು ಭಯಗಳಿವೆ: ಬೇಗ ತುಂಬಿಸಿಕೊಂಡರೆ ನಂತರದ ನೆರೆಗೆ ಜಾಗವಿಲ್ಲ, ಜಾಗ ಬಿಟ್ಟರೆ ನಂತರ ಮಳೆ ಬಾರದಿರಬಹುದು. ತಿಂಗಳುವಾರು ಎಷ್ಟು ಎತ್ತರದವರೆಗೆ ತುಂಬಿಸಬಹುದೆಂಬ ನಿಯಮ, ಮೇಲಿನ ಕೊಳ್ಳದ ಮಳೆ ಮಾಪನ, ಹವಾಮಾನ ಮುನ್ಸೂಚನೆ, ನೆರೆರಾಜ್ಯದೊಂದಿಗೆ ತಾಸುತಾಸಿನ ಮಾಹಿತಿ ಸೇರಿದರೆ ಈ ಭಯಗಳನ್ನು ಕಡಿಮೆ ಮಾಡಬಹುದು. ಹೂಳಿನ ಸಮೀಕ್ಷೆ, ಗೇಟು ಮತ್ತು ಸರಪಳಿಗಳ ತಪಾಸಣೆಗೆ ಬರದ ಬೇಸಿಗೆಯಷ್ಟು ಅನುಕೂಲದ ಕಾಲ ಬೇರೊಂದಿಲ್ಲ. ಆ ತಿಂಗಳುಗಳನ್ನು ಪರಿಹಾರದ ಮಾತಿನಲ್ಲೇ ಕಳೆಯಬಾರದು.

ಅತಿ ಮುಖ್ಯವಾದ ತೀರ್ಮಾನ ನಡೆಯುವುದು ಮಾತ್ರ ತುಂಬಿದ ವರ್ಷದ ಡಿಸೆಂಬರಿನಲ್ಲಿ. ಜಲಾಶಯ ಸಮೃದ್ಧವಾಗಿ ಕಾಣುತ್ತದೆ, ಬೇಸಿಗೆ ಭತ್ತಕ್ಕೆ ನೀರು ಕೊಡಿ ಎಂಬ ಒತ್ತಡ ನ್ಯಾಯವಾಗಿಯೇ ಬರುತ್ತದೆ. ಆಗ ಕೊಡುವ ನೀರಿನಲ್ಲಿ ಒಂದು ಪಾಲನ್ನು ತಡೆದು, ಆ ಪಾಲಿಗೆ ಬದಲಾಗಿ ರೈತನಿಗೆ ಕಡಿಮೆ ನೀರಿನ ಬೆಳೆಗೆ ಖಚಿತ ಬೆಲೆ ಕೊಟ್ಟರೆ, ಜೂನ್ 1ಕ್ಕೆ ಜಲಾಶಯದಲ್ಲಿ ಮುಂಗಾರು ತಡವಾದರೂ ಎರಡು ತಿಂಗಳು ತಾಳುವಷ್ಟು ನೀರು ಉಳಿಯುತ್ತದೆ. ಆವಿಯಾಗಿ ಒಂದಿಷ್ಟು ಹೋಗುತ್ತದೆ, ಮಳೆ ಹೆಚ್ಚಾದರೆ ಉಳಿಸಿದ ನೀರು ಕೋಡಿಯಲ್ಲಿ ಹೋಗಿಬಿಡಬಹುದು. ಆ ನಷ್ಟ 2003ರ ಅಥವಾ 2017ರ ನಷ್ಟಕ್ಕಿಂತ ಸಣ್ಣದು. ವಾಣಿವಿಲಾಸ ಸಾಗರದ ನೀರು 2023ನ್ನು ದಾಟಿಸಿದ್ದು ಇದೇ ರೀತಿಯಲ್ಲಿ. ಕಾವೇರಿ, ಭದ್ರಾ, ತುಂಗಭದ್ರಾ ಜಲಾಶಯಗಳು ಅಷ್ಟು ದೀರ್ಘ ಕಾಲ ಕೂಡಿಡಲಾರವು, ಆದರೆ ಒಂದು ಬೇಸಿಗೆಯನ್ನು ದಾಟಿಸಲು ಅವುಗಳಿಗೆ ಶಕ್ತಿಯಿದೆ. ಅದನ್ನು ಬಳಸಿಕೊಳ್ಳುವ ನಿಯಮವನ್ನು ಮಳೆಯ ವರ್ಷದಲ್ಲೇ ಬರೆದಿಡಬೇಕು.